ಅಣ್ಣನಿಗೊಂದು ಗ್ರಾಫಿಕ್ಸ್ ಕಾರ್ಡ್

ಬಿ.ಎಸ್ಸಿ. ಮುಗಿಸಿ, ಸಿಂದಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನಿಗೆ ಕಂಪ್ಯೂಟರ್ ಜೋಡಿಸುವುದು ಯಾವ ದೊಡ್ಡ ಮಾತು? ಹಾಗೆಂದೇ ನಾನು ನಂಬಿದ್ದೆ.

ಇಪ್ಪತ್ತು ವರ್ಷ ಲಾರಿ ಓಡಿಸಿದ ನಮ್ಮಣ್ಣ ಝಳಕಿಯ ಹತ್ತಿರ ಅಪಘಾತದಲ್ಲಿ ಎಡಗಾಲು ಕಳೆದುಕೊಂಡು ನಮ್ಮ ಮನೆಗೆ ಬಂದಿದ್ದ. ದಿನವಿಡೀ ಗೋಡೆ ನೋಡುತ್ತ ಮಲಗಿರುತ್ತಿದ್ದ. ಕಂಪ್ಯೂಟರಿನಲ್ಲಿ ಲಾರಿ ಓಡಿಸುವ ಆಟವಿದೆಯೆಂದು ತಿಳಿದಾಗ, ಅಣ್ಣನನ್ನು ಮತ್ತೆ ಡ್ರೈವರ್ ಮಾಡಿಯೇ ತೀರುತ್ತೇನೆಂದು ಘೋಷಿಸಿದೆ.

"ಮಿಕ್ಸರಿನ ಜಾರ್ ಕೂಡ್ಸಾಕ ಬರೂದಿಲ್ಲ ನಿಮಗ, ಕಂಪ್ಯೂಟರ್ ಜೋಡಸ್ತೀರೇನ್ರಿ?" ಎಂದಳು ನನ್ನ ಹೆಂಡತಿ ಸುಮಿತ್ರಾ.

"ಪ್ರೊಸೆಸರ್ ಅಂದ್ರ ಮೆದುಳು, ಗ್ರಾಫಿಕ್ಸ್ ಕಾರ್ಡ್ ಅಂದ್ರ ಕಣ್ಣು. ಇಷ್ಟ ಐತಿ!" ಎಂದೆ.

ಮೆದುಳು ಜೋರಾಗಿರಲಿ ಎಂದು ವಿಜಾಪುರದ ಒಂದು ಅಂಗಡಿಯಲ್ಲಿ ಒಳ್ಳೆಯ ಪ್ರೊಸೆಸರನ್ನೂ ಅದು ಕೂರುವ ಬೋರ್ಡನ್ನೂ ಕೊಂಡೆ. ಕೈ ಖಾಲಿಯಾಯಿತು. ಹಾಗಾಗಿ ಕಣ್ಣನ್ನು ಇನ್ನೊಂದು ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡೆ.

"ನಿಮ್ಮ ಬೋರ್ಡಿನ್ಯಾಗ ಕಾರ್ಡ್ ಕೂಡೂ ಸ್ಲಾಟ್ ಹಳೇದೈತೋ, ಹೊಸಾದೈತೋ ಸರ್?" ಎಂದ ಅಂಗಡಿಯವ.

ಸ್ಲಾಟ್ ಎಂದರೇನೆಂದೇ ನನಗೆ ಗೊತ್ತಿರಲಿಲ್ಲ. "ಎಲ್ಲಾ ಗೊತ್ತೈತಿ, ಕೊಡ್ರಿ!" ಎಂದೆ ಗಂಭೀರವಾಗಿ.

ಮನೆಯಲ್ಲಿ ಕಾರ್ಡು ಬೋರ್ಡಿನೊಳಗೆ ಕೂರಲೊಲ್ಲದು. ಹೊಸ ಚಪ್ಪಲಿಯೂ ಮೊದಮೊದಲು ಬಿಗಿಯೇ ಅಲ್ಲವೇ ಎಂದು ಒತ್ತಿದೆ. ಮಂಚದ ಮೇಲಿಂದ ಅಣ್ಣ ಕೂಗಿದ: "ಗೇರ್ ಬೀಳ್ಲಿಲ್ಲಂದ್ರ ಜೋರ್ ಮಾಡಬಾರ್ದೋ ತಮ್ಮಾ!"

ಬಿ.ಎಸ್ಸಿ. ಕೇಳೀತೇ? ಇನ್ನಷ್ಟು ಒತ್ತಿದೆ. ಟಕ್! ಬೋರ್ಡೂ ಹೋಯಿತು, ಕಾರ್ಡೂ ಹೋಯಿತು.

ಮತ್ತೆ ವಿಜಾಪುರ. ಈ ಸಲ ಸುಮಿತ್ರಾ ಜೊತೆಗೆ ಬಂದು ಅಂಗಡಿಯವನ ಹತ್ತಿರ ಎಲ್ಲವನ್ನೂ ಕೇಳಿ ತಿಳಿದುಕೊಂಡಳು. ಜೋರಾದ ಮೆದುಳನ್ನು ಮರಳಿ ಕೊಟ್ಟು ಸಾಧಾರಣ ಮೆದುಳು, ಅದಕ್ಕೆ ಹೊಂದುವ ಬೋರ್ಡು, ಕಾರ್ಡು, ಒಂದು ಪ್ಲಾಸ್ಟಿಕ್ ಸ್ಟೇರಿಂಗ್ ತಂದೆವು. ನಾನು ಚೀಲ ಹೊತ್ತೆ.

ಕಂಪ್ಯೂಟರ್ ನಡೆಯಿತು! ಅಣ್ಣ ದಿಂಬಿಗೆ ಒರಗಿ ಸ್ಟೇರಿಂಗ್ ಹಿಡಿದ. ಪರದೆಯ ಮೇಲೆ ರಸ್ತೆ ತೆರೆದುಕೊಂಡಿತು. ಅವನು ರಸ್ತೆಯ ಎಡಬದಿಯಲ್ಲೇ ಹೋದ, ತಿರುವಿನಲ್ಲಿ ಹಾರ್ನ್ ಹುಡುಕಿದ, ಹಿಂದಿನ ಗಾಡಿಗಳಿಗೆಲ್ಲ ದಾರಿ ಬಿಟ್ಟ.

"ಗುದ್ದಿದ್ರೂ ಏನಾಗೂದಿಲ್ಲೋ ಅಣ್ಣಾ, ಜೋರ್ ಹೊಡಿ!" ಎಂದು ನಾನು ಕುಣಿದೆ.

ಅಣ್ಣ ಸ್ಟೇರಿಂಗ್ ಬಿಟ್ಟ. ಎಡತೊಡೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದ.

"ಬಂದ್ ಮಾಡೋ ತಮ್ಮಾ," ಎಂದ ಮೆಲ್ಲಗೆ. "ಇಲ್ಲದ ಕಾಲು ಕ್ಲಚ್ ಹುಡಕಾಕತ್ತೈತಿ."

ಬಂದ್ ಮಾಡಿದೆ. ಅಡುಗೆಮನೆಗೆ ಹೋದರೆ ಸುಮಿತ್ರಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ಲೋಟ ಹುಡುಕುವವನಂತೆ ಅಲ್ಲೇ ನಿಂತೆ.

ಈಗ ಆ ಕಂಪ್ಯೂಟರಿನಲ್ಲಿ ರಜೆಯ ದಿನ ನಾನು ಇಸ್ಪೀಟು ಆಡುತ್ತೇನೆ. ಅಣ್ಣ ಪಕ್ಕದಲ್ಲಿ ಕುಳಿತು, "ಕೆಂಪ್ ಎಂಟು ಕರೀ ಒಂಬತ್ತಿನ ಮ್ಯಾಲ ಇಡೋ" ಎನ್ನುತ್ತಾನೆ. ಲಾರಿಯ ಮಾತು ಇಬ್ಬರೂ ಎತ್ತುವುದಿಲ್ಲ. ಮೊನ್ನೆ ನಮ್ಮ ಶಾಲೆಯ ಗಣಿತದ ಮಾಸ್ತರರು ಬಂದು ನೋಡಿ ನಕ್ಕರು.

"ಇಸ್ಪೀಟಿಗೆ ಗ್ರಾಫಿಕ್ಸ್ ಕಾರ್ಡ್ ಯಾಕ್ರಿ ಸರ್? ಅದಿಲ್ದನೂ ಆಡಾಕ ಬರ್ತೈತಿ."

ಗೊತ್ತಿದ್ದವನಂತೆ ತಲೆಯಾಡಿಸಿದೆ. ಅಷ್ಟರಲ್ಲಿ ಆ ಆಟವನ್ನೂ ಸೋತಿದ್ದೆ!