ಮದುವೆ ಕ್ಯಾಸೆಟ್ಟಿನಲ್ಲಿ ಅಕ್ಷರ ಕೂಡಿಸಿದ್ದು

ನಾನು ಅಕ್ಷರವನ್ನು ಎಲ್ಲಿ ಕೂಡಿಸಿದರೂ ಅದು ಹೋಗಿ ಯಾರದೋ ಮಾನದ ಮೇಲೆಯೇ ಕೂಡುತ್ತಿತ್ತು. ತೊಂಬತ್ತರ ದಶಕದಲ್ಲಿ ಸಿಂಧನೂರಿನ ಒಂದು ವಿಡಿಯೋ ಸ್ಟುಡಿಯೋದಲ್ಲಿ ಮದುವೆ ಕ್ಯಾಸೆಟ್ಟಿಗೆ ಹೆಸರು ಹಾಕುವುದು ನನ್ನ ಕೆಲಸ. ಮಸ್ಕಿಯ ನಮ್ಮ ಮಾವನವರಿಗೆ ಅದು ಕೆಲಸವೇ ಅಲ್ಲ. "ಬಿ.ಎ. ಮಾಡಿ ಟಿವಿ ಮ್ಯಾಲ ಹೆಸರು ಬರೀತಾನ" ಎಂದು ಕಂಡವರ ಮುಂದೆಲ್ಲ ಅನ್ನುತ್ತಿದ್ದರು. ಅವರ ಮುಂದೆ ಒಮ್ಮೆಯಾದರೂ ತಲೆ ಎತ್ತಿ ಕೂಡಬೇಕೆಂಬುದೇ ನನ್ನ ಹಟ.

ಕೆಳಗೆ

ಲಿಂಗಸುಗೂರಿನ ಮದುವೆ. ವಧೂವರರ ಹೆಸರನ್ನು ಚಿತ್ರದ ತೀರಾ ಕೆಳಗೆ ಕೂಡಿಸಿದೆ. ಸ್ಟುಡಿಯೋದಲ್ಲಿ ಮುತ್ತಿನಂತೆ ಕಂಡಿತ್ತು. ಅವರ ಮನೆಯ ಟಿವಿಯೋ, ಚಿತ್ರದ ನಾಲ್ಕೂ ಅಂಚು ನುಂಗುವ ಜಾತಿಯದು. ಅಕ್ಷರಗಳ ತಲೆಗಳಷ್ಟೇ ಕಂಡವು. ಕ್ಯಾಸೆಟ್ ಕೊಡಲು ಹೋದ ನಾನು ಅಲ್ಲೇ ಕೂತಿದ್ದೆ. ಮದುಮಗಳ ಅಜ್ಜಿ ಎದ್ದು, ಟಿವಿ ಇಟ್ಟ ಮೇಜಿನ ಮೇಲೆ ಕೈಯಾಡಿಸಿ ಕೇಳಿದಳು: "ತಮ್ಮಾ, ಉಳಿದದ್ದು ಇಲ್ಲೆ ಎಲ್ಲ್ಯರ ಬಿದ್ದೈತೇನು?"

ದೊಡ್ಡದಾಗಿ

ಮುಂದಿನದು ಸಿಂಧನೂರಿನದೇ. "ನಮ್ಮಪ್ಪಗ ಕಣ್ಣು ಮಂದ್ರೀ, ಅಕ್ಷರ ದೊಡ್ಡವು ಇರ್ಲಿ" ಎಂದರು ಹುಡುಗನ ತಂದೆ. ಅಂಚಿನ ಭಯ ಬೇರೆ. ನಡುವಿಗೇ ತಂದು, ಅಂಗಡಿ ಬೋರ್ಡಿನಂತೆ ಹಿಗ್ಗಿಸಿದೆ. ಅಜ್ಜ ಸಲೀಸಾಗಿ ಓದಿದರು. ಆದರೆ ತಾಳಿ ಕಟ್ಟುವ ಹೊತ್ತಿಗೆ ಪರದೆ ತುಂಬ 'ಶುಭವಿವಾಹ'. ಸಂದಿಯಲ್ಲಿ ಬಾಸಿಂಗದ ಒಂದು ತುದಿ.

"ತಾಳಿ ಕಟ್ಟಿದ್ದು ಎಲ್ಲೈತ್ರೀ?" ಎಂದರು ಹುಡುಗನ ತಂದೆ.

"ಅಕ್ಷರದ ಹಿಂದ ಕಟ್ಯಾರ್ರೀ" ಎಂದೆ, ತಲೆ ಎತ್ತದೆ.

"ಹಂಗಾರ ಇನ್ನೊಮ್ಮೆ ಕಟ್ಟಸ್ತೀವಿ. ನೀವು ಮಾತ್ರ ಬರಬ್ಯಾಡ್ರೀ."

ಸರಿಯಾದ ಜಾಗ

ಮಸ್ಕಿಯಲ್ಲಿ ನನ್ನ ಹೆಂಡತಿಯ ತಂಗಿಯ ಮದುವೆ. ಮಾವನವರು ಚಪ್ಪರದ ಬಾಗಿಲಲ್ಲಿ ಕೈಮುಗಿದು ನಿಂತಿದ್ದರು. ಅಂಚಿಗೂ ತಾಗದಂತೆ, ಮುಖಕ್ಕೂ ಅಡ್ಡ ಬರದಂತೆ, ಎದೆಯ ಕೆಳಗೆ 'ವಧುವಿನ ತಂದೆ' ಎಂದು ಕೂಡಿಸಿದೆ. ಎಲ್ಲರೂ ಓದಲಿ ಎಂದು ತುಸು ಹೆಚ್ಚು ಹೊತ್ತೇ ನಿಲ್ಲಿಸಿದೆ.

ಕ್ಯಾಸೆಟ್ ನೋಡಲು ಬಳಗವೆಲ್ಲ ಪಡಸಾಲೆಯಲ್ಲಿ ಸೇರಿತು. ಅಕ್ಷರ ಚೆಂದ ಬಂತು. ಮಾವ ಮೀಸೆಯ ಮೇಲೆ ಕೈಯಾಡಿಸಿದರು. ಅಷ್ಟರಲ್ಲಿ ಕ್ಯಾಮೆರಾ ಮೆಲ್ಲಗೆ ಬಲಕ್ಕೆ ತಿರುಗಿತು. ಮಾವ ಎಡಕ್ಕೆ ಸರಿದು ಮಾಯವಾದರು. ಅಕ್ಷರ ಅಲ್ಲೇ ಉಳಿಯಿತು. ಅದರ ಮೇಲೆ ಬಂದು ನಿಂತದ್ದು, ಚಪ್ಪರದ ಪಕ್ಕ ಕಟ್ಟಿದ್ದ ಎಮ್ಮೆ. ಮೆಲುಕು ಹಾಕುತ್ತಿತ್ತು.

ನಾನು ಕಂಬದ ಮರೆಗೆ ಸರಿದೆ.

"ಅಳಿಯಂದ್ರ," ಎಂದರು ಮಾವ, "ಬೀಗರಿಗೆ ಇದನ್ನ ಕೊಡಬ್ಯಾಡ್ರಿ."

"ನಿನ್ನೇನ ಕೊಟ್ಟೀನ್ರೀ ಮಾವ."

"ಏನಂದ್ರು?"

"ದಿನಕ್ಕ ಎಷ್ಟು ಹಾಲು ಕೊಡ್ತೈತಿ ಅಂತ ಕೇಳ್ಯಾರ್ರೀ."