ಹದಿನೇಳನೆಯ ಕುಂಡ

ಸಾಯಬೇಕಾದ ಗೋಧಿ ಗಿಡವೊಂದು ಸಾಯದೆ ಹಠ ಹಿಡಿದದ್ದರಿಂದ ಗುಂಡಣ್ಣನ ನೌಕರಿಗೆ ಸಂಚಕಾರ ಬಂತು.

ಸಂಶೋಧನಾ ಕೇಂದ್ರದ ಗಾಜಿನ ಕೋಣೆಯಲ್ಲಿ ನಲವತ್ತು ಕುಂಡಗಳಿದ್ದವು. ಇಪ್ಪತ್ತರ ಗಿಡಗಳಿಗೆ ಹೊಸ ಜೀನ್ ಸೇರಿಸಿದ್ದರು. ಆ ಜೀನಿನದು ಶುದ್ಧ ಹಮಾಲಿ ಕೆಲಸ. ನೀರು ಸಿಗದಾಗ ಹಳೆಯ ಎಲೆಯಲ್ಲಿರುವ ಅಮೈನೋ ಆಮ್ಲಗಳನ್ನು ಹೊತ್ತೊಯ್ದು ಎಳೆಯ ಎಲೆಗೆ ಇಳಿಸಿ ಗಿಡದ ಜೀವ ಉಳಿಸುವುದು. ಉಳಿದ ಇಪ್ಪತ್ತು ಸಾದಾ ಗಿಡಗಳು. ಹೋಲಿಕೆಗೆಂದು ಅವು ಸಾಯಲೇಬೇಕು. ಇಪ್ಪತ್ತೊಂದು ದಿನ ಯಾವುದಕ್ಕೂ ಹನಿ ನೀರಿಲ್ಲ. ಇವತ್ತು ಫಲಿತಾಂಶ ಸರಿ ಬಂದರೆ ಸಹಾಯಕ ಗುಂಡಣ್ಣನ ಗುತ್ತಿಗೆ ಮುಂದುವರಿಯುತ್ತದೆ. ಇಲ್ಲದಿದ್ದರೆ ಮನೆ ದಾರಿ.

ಬೆಳಿಗ್ಗೆ ನೋಡಿದರೆ ಸಾದಾ ಗಿಡಗಳು ಉಫ್ ಎಂದರೆ ಬೂದಿಯಾಗುವಷ್ಟು ಒಣಗಿದ್ದವು. ಹದಿನೇಳನೆಯ ಕುಂಡದ್ದು ಮಾತ್ರ ಗಿಣಿ ನಾಚಿ ಗೂಡು ಸೇರಬೇಕು, ಅಷ್ಟು ಹಸಿರು!

"ಯಾರೋ ಕದ್ದು ನೀರು ಹಾಕಿದಾರೆ," ಎಂದ ಉಗ್ರಾಣದ ಗುಮಾಸ್ತ. ಮಣ್ಣಿಗೆ ಬೆರಳಿಟ್ಟವನು ಚುರುಕ್ಕನೆ ಕೈ ಎಳೆದುಕೊಂಡ. "ಇಲ್ಲಪ್ಪಾ! ಕಾದ ಬಾಣಲೆ ಇದ್ದಂಗಿದೆ!"

ಕಸ ಗುಡಿಸುವ ಅಕ್ಕ ಪೊರಕೆ ನಿಲ್ಲಿಸಿದಳು. "ಗುಂಡಣ್ಣಾ, ಸ್ವಲ್ಪ ಆ ಕಡೆ ಹೋಗಿ."

ಹೋದ. ಗಾಳಿಯೇ ಆಡದ ಕೋಣೆಯಲ್ಲಿ ಗಿಡ ಆ ಕಡೆ ವಾಲಿತು. ಈ ಕಡೆ ಬಂದ. ಈ ಕಡೆ ವಾಲಿತು.

"ನಮ್ಮ ಯಜಮಾನ್ರು ಇಪ್ಪತ್ತು ವರ್ಷದಲ್ಲಿ ಒಂದ್ಸಲನೂ ನನ್ನ ಕಡೆ ಹಿಂಗೆ ತಿರುಗಿಲ್ಲ," ಎಂದಳು ಅಕ್ಕ.

ಗುಂಡಣ್ಣ ಒಂದು ಲೋಟ ನೀರು ಗಟಗಟ ಕುಡಿದ. ಗಿಡದ ಪ್ರತಿ ಎಲೆಯ ತುದಿಯಲ್ಲೂ ಒಂದೊಂದು ಹನಿ ಮೂಡಿತು.

ಆಗಲೇ ಫೋನ್ ಕಿರುಚಿತು. ಮೂವರೂ ಚಾವಣಿ ಮುಟ್ಟಿ ಬಂದರು. ಗುಂಡಣ್ಣನ ಹೆಂಡತಿ!

"ರೀ, ಮೂರು ವಾರದಿಂದ ಮೂರಾಳಿನ ಊಟ ತಿಂತೀರ, ಪ್ಯಾಂಟು ನೋಡಿದ್ರೆ ಸೊಂಟದ ಮೇಲೆ ನಿಲ್ತಿಲ್ಲ! ತಿಂದಿದ್ದೆಲ್ಲ ಎಲ್ಲಿಗೆ ಹೋಗ್ತಿದೆ?"

ಅವಳ ದನಿ ಏರಿದಂತೆಲ್ಲ ಎಲೆಗಳು ಚಾಪೆಯಂತೆ ಸುರುಳಿ ಸುತ್ತಿಕೊಂಡವು. ಫೋನಿಟ್ಟ ಮೇಲೆ ಮೆಲ್ಲಗೆ, ಹೆದರಿ ಹೆದರಿ ಬಿಚ್ಚಿಕೊಂಡವು.

"ಕಿತ್ತು ಬಿಸಾಕೋ," ಎಂದು ಪಿಸುಗುಟ್ಟಿದ ಗುಮಾಸ್ತ. "ಮೇಡಂಗೆ ಒಣಗಿ ಹೋಯ್ತು ಅಂದ್ರಾಯ್ತು."

ಗುಂಡಣ್ಣ ಕಾಂಡ ಹಿಡಿದು ಜಗ್ಗಿದ. ತನ್ನ ತಲೆಗೂದಲನ್ನೇ ಯಾರೋ ಬುಡಸಮೇತ ಎಳೆದಂತಾಗಿ ಏಳು ಊರಿಗೆ ಕೇಳುವಂತೆ ಕಿರುಚಿದ.

ಹಿರಿಯ ವಿಜ್ಞಾನಿ ಮೇಡಂ ಓಡಿ ಬಂದರು. ನಡೆದದ್ದೆಲ್ಲ ಕೇಳಿದರು. ಗಿಡದ ಎಲೆಯ ಚೂರನ್ನೂ ಗುಂಡಣ್ಣನ ಕೆನ್ನೆಯೊಳಗಿನ ಎಂಜಲನ್ನೂ ಪರೀಕ್ಷೆಗೆ ಒಯ್ದರು. ಮರಳಿ ಬಂದಾಗ ಮುಖ ಸುಣ್ಣದಂತಿತ್ತು. ಕಣ್ಣುಗಳು ಮಾತ್ರ ಹೊಳೆಯುತ್ತಿದ್ದವು.

"ಗಿಡದಲ್ಲಿ ಏನೂ ಇಲ್ಲ. ಸಾದಾ ಗಿಡನೇ."

"ಆದ್ರೂ ಬದುಕಿದೆ!" ಎಂದ ಗುಂಡಣ್ಣ.

"ಜೀನ್ ಇರೋದು ನಿಮ್ಮಲ್ಲಿ! ಜೀನ್ ದ್ರಾವಣದ ಪಿಪೆಟ್ ಕೊಳವೆನ ಬಾಯಲ್ಲಿ ಹೀರಬೇಡಿ ಅಂತ ಎಷ್ಟು ಸಲ ಬಡ್ಕೊಂಡೆ? ನೀವು ತಿಂದಿದ್ದು ಕುಡಿದಿದ್ದನ್ನೆಲ್ಲ ಹೊತ್ಕೊಂಡು ಹೋಗಿ ಆ ಗಿಡದಲ್ಲಿ ಇಳಿಸ್ತಿದೆ."

"ಹಂಗಾದ್ರೆ... ನನ್ನ ಗುತ್ತಿಗೆ, ಮೇಡಂ?"

"ಇನ್ನು ನಿಮ್ಮನ್ನ ಬಿಡ್ತೀನಾ? ಕೂತ್ಕೊಳ್ಳಿ."

ಕುಂಡಗಳ ನಡುವೆ ಸ್ಟೂಲು ಹಾಕಿ ಕೂರಿಸಿದರು. ಅಂಗಿಯ ಗುಂಡಿಗೆ ಒಂದು ಚೀಟಿ ಕಟ್ಟಿದರು: 'ಜೀನ್ ಸೇರಿದೆ. ಇಪ್ಪತ್ತೊಂದು ದಿನ ನೀರು ಹಾಕಬಾರದು.'

ಬಾಗಿಲಲ್ಲಿ ನಿಂತಿದ್ದ ಗುಮಾಸ್ತ ಹೊಟ್ಟೆ ಹಿಡಿದು ನಗತೊಡಗಿದ. ಮೇಡಂ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದು ನೋಡಿ, ಇನ್ನೊಂದು ಸ್ಟೂಲು ಎಳೆದರು.

"ನೀವೂ ಬನ್ನಿ. ಹೋಲಿಕೆಗೆ ಒಬ್ಬರು ಸಾದಾ ಮನುಷ್ಯರು ಬೇಕಲ್ಲ?"