ಅತ್ತೆಯವರ ಫೋಲ್ಡರುಗಳು

ನಮ್ಮ ಅತ್ತೆಯವರಿಗೆ ದೆವ್ವದ ಭಯವಿರಲಿಲ್ಲ, ಹಾವಿನ ಭಯವಿರಲಿಲ್ಲ, ಮಾವನವರು ಬದುಕಿದ್ದಾಗ ಅವರ ಭಯವಂತೂ ಇರಲೇ ಇಲ್ಲವಂತೆ. ಇದ್ದದ್ದು ಒಂದೇ ಭಯ. ಮನೆಯಲ್ಲಿರುವ ಯಾವುದೋ ಒಂದು ಡಬ್ಬಿಯೊಳಗೆ ಏನಿದೆ ಎಂಬುದು ತಮಗೆ ಗೊತ್ತಿಲ್ಲದೆ ಹೋದರೆ! ಈ ಒಂದು ಭಯವನ್ನು ನೆಚ್ಚಿಕೊಂಡು ಅವರು ಮೂವತ್ತು ವರ್ಷ ಸಂಸಾರ ನಡೆಸಿದ್ದರು. ಆಮೇಲೆ ನಾನು ಸೊಸೆಯಾಗಿ ಬಂದೆ, ನನ್ನ ಹಿಂದೆಯೇ ಒಂದು ಕಂಪ್ಯೂಟರು ಬಂತು.

ನನ್ನ ತವರು ಮೂಡಲಗಿ. ಮದುವೆಗೆ ಮುಂಚೆ ದಿನಾಲೂ ಬಸ್ಸು ಹತ್ತಿ ಗೋಕಾಕಕ್ಕೆ ಹೋಗಿ ಟೈಪಿಂಗ್ ಕಲಿತು, ಅದೇ ಕ್ಲಾಸಿನಲ್ಲಿ ಕಂಪ್ಯೂಟರನ್ನೂ ಕಲಿತಿದ್ದೆ. ತೊಂಬತ್ತರ ದಶಕದ ಕೊನೆಯಲ್ಲಿ ಹುಕ್ಕೇರಿಯ ಗಂಡನ ಮನೆಗೆ ಬಂದವಳು, ಪಡಸಾಲೆಯ ಮೂಲೆಯಲ್ಲಿ ಒಂದು ಕಂಪ್ಯೂಟರು, ಕಿರಗುಟ್ಟುವ ಒಂದು ಪ್ರಿಂಟರು ಇಟ್ಟುಕೊಂಡು ಲಗ್ನಪತ್ರಿಕೆ, ಪ್ರಶ್ನೆಪತ್ರಿಕೆ, ಕಚೇರಿಗೆ ಕೊಡುವ ಅರ್ಜಿ ಇತ್ಯಾದಿಗಳನ್ನು ಟೈಪು ಮಾಡಿಕೊಡಲು ಶುರುಮಾಡಿದೆ.

ಆ ಮನೆಯಲ್ಲಿ ಯಾವ ವಸ್ತುವೂ ಬರಿಮೈಯಲ್ಲಿ ಇರುತ್ತಿರಲಿಲ್ಲ. ಸೂಜಿಯನ್ನೇ ತೆಗೆದುಕೊಳ್ಳಿ. ಸೂಜಿ ಒಂದು ಬಟ್ಟೆಯ ಚೂರಿನಲ್ಲಿ, ಆ ಚೂರು ಒಂದು ಸಂಚಿಯಲ್ಲಿ, ಸಂಚಿ ಬಿಸ್ಕೀಟಿನ ಡಬ್ಬಿಯಲ್ಲಿ, ಡಬ್ಬಿ ಟ್ರಂಕಿನಲ್ಲಿ, ಟ್ರಂಕು ಮಂಚದ ಕೆಳಗೆ, ಮಂಚದ ಮೇಲೆ ಅತ್ತೆಯವರು! ಗಂಡನ ಅಂಗಿಗೆ ಒಂದು ಗುಂಡಿ ಹಚ್ಚಬೇಕೆಂದರೆ ಅವರನ್ನು ಎಬ್ಬಿಸುವುದರಿಂದ ಕೆಲಸ ಆರಂಭವಾಗುತ್ತಿತ್ತು. ಹೊಸ ಅಂಗಿ ಹೊಲಿಸುವುದೇ ಅದಕ್ಕಿಂತ ಬೇಗ ಆಗುತ್ತಿತ್ತು. ಬೇಡಿದ್ದನ್ನು ಅತ್ತೆಯವರು ತಂದುಕೊಡುತ್ತಿದ್ದರು, ಆದರೆ ಅದು ಎಲ್ಲಿತ್ತೆಂದು ಯಾರಿಗೂ ಹೇಳುತ್ತಿರಲಿಲ್ಲ. ಎಲ್ಲವೂ ಅವರ ತಲೆಯಲ್ಲೇ ಇತ್ತು.

ಇಂಥವರ ಮುಂದೆ ನಾನು ಕಂಪ್ಯೂಟರು ತಂದು ಇಟ್ಟೆ.

"ಇದರೊಳಗ ಏನೈತಿ?" ಎಂದು ಮೊದಲ ದಿನವೇ ಕೇಳಿದರು.

"ಮಂದಿ ಕಾಗದಪತ್ರ ಅದಾವ್ರಿ ಅತ್ತಿ."

"ಎದರಾಗ ಇಟ್ಟೀ?"

"ಫೋಲ್ಡರ್‌ನ್ಯಾಗ ಇಟ್ಟೇನ್ರಿ."

"ಆ ಫೋಲ್ಡರ್ ಎದರಾಗ ಐತಿ?"

"ಇನ್ನೊಂದ ಫೋಲ್ಡರ್‌ನ್ಯಾಗ್ರಿ."

ಅತ್ತೆಯವರ ಮುಖ ಅರಳಿತು. ಡಬ್ಬಿಯೊಳಗೆ ಡಬ್ಬಿ ಇಡುವ ಮತ್ತೊಂದು ಜೀವ ಈ ಭೂಮಿಯ ಮೇಲಿದೆ ಎಂಬ ಸಮಾಧಾನ ಇರಬೇಕು. ಆದರೆ ಮರುಗಳಿಗೆಗೇ ಹಣೆ ಗಂಟಿಕ್ಕಿತು. "ಹಂಗಾರ ಎದರಾಗ ಏನೈತಿ ಅಂತ ನನಗೊಂದ ಹಾಳಿಮ್ಯಾಲ ಬರದ ಕೊಡು. ನನಗ ಗೊತ್ತಿಲ್ಲದ ಪೆಟಗಿ ಮನ್ಯಾಗ ಇರಬಾರ್ದು."

ಇದೇನು ಮಹಾ ಕೆಲಸ ಎಂದುಕೊಂಡೆ. ಪರದೆಯ ಮೇಲಿನ ಫೋಲ್ಡರುಗಳ ಸಾಲಿನ ಚಿತ್ರ ಹಿಡಿದು, ವರ್ಡ್ ಫೈಲಿನಲ್ಲಿ ಅಂಟಿಸಿ, ಮುದ್ರಿಸಿ ಕೊಟ್ಟೆ. ಅತ್ತೆಯವರು ಕನ್ನಡಕ ಏರಿಸಿ ನೋಡಿದರು. "ಈ ಕೂಡಸೂ ಗುರ್ತ ಯಾಕ?" ಎಂದರು. ಅದರೊಳಗೆ ಇನ್ನೂ ಇದೆ ಎಂದು ಅರ್ಥ, ಸದ್ಯಕ್ಕೆ ಮುಚ್ಚಿದೆ ಎಂದೆ. "ಮುಚ್ಚಿದ್ದನ್ನ ಮುಚ್ಚಿ ತೋರಸಾಕ ಹಾಳಿ ಯಾಕ ಬೇಕವಾ?" ಎಂದು ಕೇಳಿದರು. ಎಲ್ಲವನ್ನೂ ತೆರೆದೆ. ಯಂತ್ರದ ಹೊಟ್ಟೆಯೊಳಗಿನ ಕರುಳೆಲ್ಲ ಹೊರಬಿದ್ದು ಹನ್ನೊಂದು ಪುಟವಾಯಿತು.

ಅತ್ತೆಯವರು ಒಂದೊಂದರ ಮೇಲೂ ಬೆರಳಿಟ್ಟು ಕೇಳಿದರು. "ಇದು ನೀ ಇಟ್ಟಿದ್ದೇನು?"

"ಅಲ್ಲರಿ. ಕಂಪ್ಯೂಟರ್ ಬರೂಮುಂದನ ಇದ್ದವು."

"ಯಾರದೋ ಸಾಮಾನ ನಮ್ಮ ಮನ್ಯಾಗ ಇಟಗೊಂಡ ಕುಂತೀ. ನಾಳಿ ಅವರ ಬಂದ ಕೇಳಿದ್ರ ಏನ ಹೇಳೂದು?"

ಅತ್ತೆಯವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಬಾಗಿಲಲ್ಲಿ ಯಾರಾದರೂ ಅಪರಿಚಿತರು ನಿಂತರೆ ಸಾಕು, ಸಾಮಾನು ಕೇಳಲು ಬಂದರೆಂದು ಒಳಗೆ ಓಡುತ್ತಿದ್ದರು. ಅವೆಲ್ಲ ಯಂತ್ರದ ಸ್ವಂತದವೆಂದು ನನ್ನ ಗಂಡ ಬಸದಿಯ ದಿಕ್ಕಿಗೆ ಕೈಮುಗಿದು ಆಣೆ ಮಾಡಿದ ಮೇಲೆಯೇ ಅವರು ತಾಟಿನ ಮುಂದೆ ಕುಳಿತದ್ದು.

ಅಲ್ಲಿಗೆ ಮುಗಿಯಿತೆಂದು ನಾನು ಉಸಿರು ಬಿಡುತ್ತಿರುವಾಗಲೇ ಬಂದು ಬಾಜೂಕ್ಕೆ ಸ್ಟೂಲು ಹಾಕಿಕೊಂಡು ಕುಳಿತರು. "ಹಿಂಗ ನಮ್ಮ ಮನೀದೂ ಬರಿ."

ಮನೆಯದ್ದು! ಮೂವತ್ತು ವರ್ಷ ಯಾರಿಗೂ ಬಾಯಿಬಿಡದ ಗುಟ್ಟು. ನಾನು ಗಡಿಬಿಡಿಯಿಂದ ಟೈಪು ಮಾಡತೊಡಗಿದೆ. ಮೇಲೆ "ಮನೆ" ಎಂದು ಬರೆದೆ. ಅದರ ಕೆಳಗೆ ಒಂದಿಷ್ಟು ಒಳಕ್ಕೆ ಸರಿಸಿ ಪಡಸಾಲೆ, ಅಡುಗೆಮನೆ, ದೇವರಮನೆ, ನಡುಮನೆ, ಹಿತ್ತಲು ಎಂದು ಬರೆದೆ.

"ದ್ಯಾವರ ಮನಿ ಮೂರನೇದ್ದೇನು? ಮ್ಯಾಲ ತಗೋ."

ಮೇಲೆ ತಂದೆ.

"ಇನ್ನೂ ಮ್ಯಾಲ."

"ಇನ್ನೂ ಮ್ಯಾಲ ಒಯ್ದ್ರ ಮನೀನ ದ್ಯಾವರ ಮನಿ ಒಳಗ ಬರ್ತೈತ್ರಿ ಅತ್ತಿ."

"ಮತ್ತ? ದ್ಯಾವರನ ಬಿಟ್ಟ ಹೊರಗೈತೇನ ನಮ್ಮ ಮನಿ?"

ಗೋಕಾಕದ ಕ್ಲಾಸಿನಲ್ಲಿ ನನಗೆ ಇದನ್ನು ಕಲಿಸಿರಲಿಲ್ಲ. ಹೀಗಾಗಿ ನಮ್ಮ ದಾಖಲೆಯಲ್ಲಿ ದೇವರಮನೆಯೊಳಗೆ ಮನೆ, ಮನೆಯೊಳಗೆ ಅಡುಗೆಮನೆ, ಅದರೊಳಗೆ ಕಪಾಟು, ಅದರೊಳಗೆ ಗಡಿಗೆ. ನಕ್ಷೆ ನೋಡಿದ ನನ್ನ ಗಂಡ, ಇಷ್ಟು ದಿನ ನಾನು ಗರ್ಭಗುಡಿಯಲ್ಲಿ ಗಡ್ಡ ಕೆರೆದುಕೊಳ್ಳುತ್ತಿದ್ದೆನೇ ಎಂದು ಕೇಳಿದರು.

ನಾನು ಮಾಡಿದ ತಪ್ಪು ಬೇರೆ ಇತ್ತು. ಒಳಗಿನದನ್ನು ಒಳಕ್ಕೆ ಸರಿಸಲು ಸ್ಪೇಸ್ ಬಾರನ್ನು ಕುಟ್ಟಿದ್ದೆ. ಒಂದಕ್ಕೆ ನಾಲ್ಕು, ಇನ್ನೊಂದಕ್ಕೆ ಎಂಟು, ಕಣ್ಣಳತೆಯಲ್ಲಿ ಮತ್ತೊಂದು. ಅತ್ತೆಯವರು ಅಕ್ಷರ ಸಣ್ಣದಾಯಿತೆಂದರು, ದೊಡ್ಡದು ಮಾಡಿದೆ. ಇಡೀ ಮನೆ ಭೂಕಂಪವಾದಂತೆ ಜರುಗಿ, ಬಾಗಿಲ ಹಿಂದಿನ ಚಪ್ಪಲಿ ಸೀದಾ ಪೂಜೆಯ ಪೆಟ್ಟಿಗೆಯೊಳಗೆ ಕಾಲಿಟ್ಟಿತು. ನಾನು ಗಮನಿಸದೆ ಮುದ್ರಿಸಿಯೂ ಕೊಟ್ಟೆ. ಅರ್ಧ ತಾಸಿನ ಮೇಲೆ ನೋಡುತ್ತೇನೆ, ಅತ್ತೆಯವರು ಪೂಜೆಯ ಪೆಟ್ಟಿಗೆಯನ್ನು ಬಾವಿಕಟ್ಟೆಯ ಮೇಲಿಟ್ಟು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಾರೆ.

"ಅತ್ತಿ, ಅದು ಹಾಳಿಮ್ಯಾಲ ಅಷ್ಟ್ರಿ. ಖರೆ ಅಲ್ಲ."

"ಹಾಳಿ ಖರೆ ಇಲ್ಲಂದ್ರ ಅದನ್ನ ಯಾಕ ಬರೀತಿ?" ಎಂದು ಅವರು ತಿಕ್ಕುತ್ತಲೇ ಇದ್ದರು.

ಮರುದಿನವೇ ಬಸ್ಸು ಹತ್ತಿ ಗೋಕಾಕಕ್ಕೆ ಹೋಗಿ ಹಳೆಯ ಗುರುಗಳನ್ನು ಕೇಳಿದೆ. ಅವರು ನನ್ನ ಕಡತ ನೋಡಿ, "ಸ್ಪೇಸ್ ಅಂದ್ರ ಉಪ್ಪೇನವಾ, ಕೈಗೆ ಬಂದಷ್ಟ ಉದರಸಾಕ?" ಎಂದರು. ಸಾಲುಗಳಿಗೆ ಅಂಕಿ ಹಚ್ಚಿ ಹಂತ ಹಂತವಾಗಿ ಮಾಡಬೇಕು, ಒಂದು ಸಲ ಟ್ಯಾಬ್ ಒತ್ತಿದರೆ ಒಂದು ಹಂತ ಒಳಗೆ, ಆಮೇಲೆ ಅಕ್ಷರ ಎಷ್ಟು ದೊಡ್ಡದಾದರೂ ಒಳಸಾಲೆಂಬ ಮಗ ಮೇಲುಸಾಲೆಂಬ ಅಪ್ಪನ ಕೈಬಿಡುವುದಿಲ್ಲ ಎಂದು ತೋರಿಸಿಕೊಟ್ಟರು. ಹಾಗೇ ಮಾಡಿದೆ. ಚಪ್ಪಲಿ ಬಾಗಿಲ ಹಿಂದಕ್ಕೆ ಹೋಯಿತು.

ಅಷ್ಟರಲ್ಲಿ ಚಾತುರ್ಮಾಸ ಬಂತು. ನಾವು ಜೈನರು. ಆ ನಾಲ್ಕು ತಿಂಗಳು ಅತ್ತೆಯವರು ನೆಲದೊಳಗೆ ಬೆಳೆದ ಗಡ್ಡೆಗಳನ್ನು ಮುಟ್ಟುತ್ತಿರಲಿಲ್ಲ. ನನ್ನ ಗಂಡನಿಗೋ ಉಳ್ಳಾಗಡ್ಡಿ ಇಲ್ಲದೆ ತುತ್ತು ಇಳಿಯುತ್ತಿರಲಿಲ್ಲ. ಉಳ್ಳಾಗಡ್ಡಿಯ ಬುಟ್ಟಿ ಅಡುಗೆಮನೆಯಿಂದ ಹಿತ್ತಲಿಗೆ ಹೋಗಬೇಕು, ಜೊತೆಗೆ ಹಾಳೆಯಲ್ಲೂ ಹೋಗಬೇಕು. ಬುಟ್ಟಿಯ ಹಿಂದೆ ಬಟಾಟೆ, ಬಟಾಟೆಯ ಹಿಂದೆ ಬೆಳ್ಳುಳ್ಳಿ, ಅವನ್ನು ಹೆಚ್ಚುವ ಈಳಿಗೆ, ಹುರಿಯುವ ಬಾಣಲೆ, ಎಲ್ಲ ಸಾಲಾಗಿ ಹಿತ್ತಲಿಗೆ ಗುಳೆ ಹೊರಟವು. ಒಂದು ವಾರದಲ್ಲಿ ಏಳು ಸಲ ತಿದ್ದಿ ಏಳು ಸಲ ಮುದ್ರಿಸಿದೆ. ಲಗ್ನಪತ್ರಿಕೆಯವರು ಪಡಸಾಲೆಯಲ್ಲಿ ಕಾಯುತ್ತ ಕುಳಿತಿರುವಾಗ ನಾನು ಬೆಳ್ಳುಳ್ಳಿಯನ್ನು ಒಂದು ಹಂತ ಹೊರಗೆ ತಳ್ಳುತ್ತಿದ್ದೆ.

ಎಂಟನೆಯ ಸಲ ನನಗೆ ಸಿಟ್ಟು ಬಂತು. "ಎಲ್ಲಾ ನಿಮ್ಮ ತಲ್ಯಾಗ ಐತೆಲ್ರಿ ಅತ್ತಿ. ಮತ್ತ ಈ ಹಾಳಿ ಯಾಕ?" ಎಂದುಬಿಟ್ಟೆ.

ಅತ್ತೆಯವರು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ತಲೆ ಎತ್ತಲಿಲ್ಲ.

"ತಲ್ಯಾಗಿಂದ ಬಿದ್ದ ಹೋದ್ರ?" ಎಂದರು. ಆಮೇಲೆ ತಾವಾಗಿಯೇ ಹೇಳಿದರು. ಅವರ ತವರು ಕಣಗಲಾ. ಅವರ ಅವ್ವ ಕೂಡ ಹೀಗೇ ಡಬ್ಬಿಯೊಳಗೆ ಡಬ್ಬಿ ಇಡುವ ಹೆಂಗಸು. ವಯಸ್ಸಾದ ಮೇಲೆ ಇಟ್ಟದ್ದು ಮರೆಯತೊಡಗಿತು. ಮರೆತದ್ದು ತಮಗೆ ಗೊತ್ತಾಗುತ್ತಿರಲಿಲ್ಲ, ಯಾರೋ ತೆಗೆದುಕೊಂಡರು ಎಂದೇ ಅನ್ನಿಸುತ್ತಿತ್ತು. ಒಂದು ದಿನ ಮೂಗಿನ ನತ್ತು ಸಿಗಲಿಲ್ಲ. ಓಣಿಯ ಹೆಂಗಸರ ಮುಂದೆ ಸೊಸೆಯ ಕಡೆಗೆ, ಅಂದರೆ ನಮ್ಮ ಅತ್ತೆಯವರ ಅಣ್ಣನ ಹೆಂಡತಿಯ ಕಡೆಗೆ, ಬೆರಳು ಮಾಡಿ ಕಳ್ಳಿ ಎಂದರು.

"ವೈನಿ ಉಟ್ಟ ಸೀರಿ ಮ್ಯಾಲ ಹೋದ್ಲು. ಆರ ತಿಂಗಳಾದಮ್ಯಾಲ ಹುಣಸಿಹಣ್ಣಿನ ಗಡಗ್ಯಾಗ ನತ್ತ ಸಿಕ್ತು. ವೈನಿ ಸಿಗಲಿಲ್ಲ." ಒಂದು ಕಲ್ಲು ಆರಿಸಿ ಹೊರಗೆಸೆದರು. "ನಾ ಅವ್ವನ ಮಗಳ ಅಲ್ಲೇನು?"

ನನ್ನ ಸಿಟ್ಟು ಎಲ್ಲಿ ಹೋಯಿತೋ. ಅಲ್ಲಿಂದ ಮುಂದೆ ಬೆಳ್ಳುಳ್ಳಿಯನ್ನು ಎಲ್ಲಿಗೆ ಬೇಕೆಂದರೆ ಅಲ್ಲಿಗೆ ತಳ್ಳಿದೆ, ಒಂದು ಮಾತೂ ಆಡಲಿಲ್ಲ. ಹಾಳೆ ಅಡುಗೆಮನೆಯ ಬಾಗಿಲಿಗೆ ಅಂಟಿತು. ಸ್ನಾನವಾದ ಮೇಲೆ ಅತ್ತೆಯವರು ಅದರ ಮುಂದೆ ನಿಂತು ಸ್ತೋತ್ರದಂತೆ ಓದುತ್ತಿದ್ದರು. ನಾನು ಒಲೆಯ ಹತ್ತಿರ ನಿಂತು ಕಿವಿಗೊಟ್ಟು ಕೇಳುತ್ತಿದ್ದೆ. ಎಲ್ಲಿಯಾದರೂ ತಡವರಿಸಿದರೆ ನನ್ನ ಕೈಯ ಸೌಟು ಅಲ್ಲೇ ನಿಲ್ಲುತ್ತಿತ್ತು. ಮೊದಲೆರಡು ವರ್ಷ ಗಡಗಡನೆ ಓದಿದರು. ಮೂರನೆಯ ವರ್ಷ ಕಪಾಟಿನ ಹತ್ತಿರ ನಿಂತು ನಿಂತು ಓದತೊಡಗಿದರು. ಸಕ್ಕರೆಯ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ಸಕ್ಕರೆ ಎಲ್ಲಿ ಎಂದು ಒಮ್ಮೆ ಕೇಳಿದರು. ನಾವಿಬ್ಬರೂ ನಕ್ಕೆವು. ನಗು ಮುಗಿದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಒಂದು ಶ್ರಾವಣದ ಶುಕ್ರವಾರ ಕೊಣ್ಣೂರಿನಿಂದ ನನ್ನ ನಾದಿನಿ ಬಂದಿದ್ದಳು. ಓಣಿಯ ಐದಾರು ಹೆಂಗಸರನ್ನು ಅರಿಶಿನ ಕುಂಕುಮಕ್ಕೆ ಕರೆದಿದ್ದೆವು. ಎಲ್ಲರೂ ಬಂದು ಕುಳಿತ ಮೇಲೆ ನೋಡಿದರೆ ಬೆಳ್ಳಿಯ ಕುಂಕುಮದ ಭರಣಿ ಇಲ್ಲ. ಅತ್ತೆಯವರು ಒಳಗೆ ಹೋದರು, ಹೊರಗೆ ಬಂದರು, ಮತ್ತೆ ಒಳಗೆ ಹೋದರು. ನಡುಮನೆಯಲ್ಲಿ ನಿಂತು ನನ್ನ ಕಡೆಗೆ ಬೆರಳು ಮಾಡಿದರು.

"ಇಕಿನ ತಗೊಂಡಾಳ. ಮೂಡಲಗಿಗೆ ಒಯ್ದ ಇಟ್ಟಾಳ."

ನಾದಿನಿ ನನ್ನ ಮುಖ ನೋಡಿದಳು. ಬರುವುದೆಂದು ಗೊತ್ತಿದ್ದ ಪೆಟ್ಟಾದರೂ ಬಿದ್ದಾಗ ನೋವೇನು ಕಡಿಮೆಯಾಗುತ್ತದೆಯೇ? ತವರಿಗೆ ಹೋಗುವ ಬಸ್ಸು ಎಷ್ಟು ಹೊತ್ತಿಗೆ ಎಂಬ ಯೋಚನೆಯೂ ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ಕಾಲುಗಳು ಅಡುಗೆಮನೆಯ ಬಾಗಿಲಿಗೆ ಹೋದವು. ಹಾಳೆಯ ಮೇಲೆ ಬೆರಳಿಟ್ಟು ಎಲ್ಲರಿಗೂ ಕೇಳುವಂತೆ ಓದಿದೆ. ದೇವರಮನೆ, ಮನೆ, ನಡುಮನೆ, ಮಂಚದ ಕೆಳಗಿನ ಟ್ರಂಕು, ಕೆಂಪು ಗಂಟು, ಗಂಟಿನೊಳಗೆ ಹಿತ್ತಾಳೆಯ ಡಬ್ಬಿ, ಡಬ್ಬಿಯೊಳಗೆ ಭರಣಿ. ನಾದಿನಿ ಹೋಗಿ ಟ್ರಂಕು ಎಳೆದಳು. ಭರಣಿ ಅಲ್ಲೇ ಇತ್ತು.

ಹೆಂಗಸರು ನಕ್ಕರು, ವಯಸ್ಸಾಯಿತೆಂದರು, ಕುಂಕುಮ ಹಚ್ಚಿಸಿಕೊಂಡು ಹೋದರು. ಅತ್ತೆಯವರು ಮಾತ್ರ ಗೋಡೆಗೆ ಒರಗಿ ಕುಳಿತವರು ಏಳಲಿಲ್ಲ. ನಾದಿನಿ ಬಸ್ಸಿಗೆ ಹೋದ ಮೇಲೆ ಎದ್ದು ಬಂದು ನನ್ನ ಕುರ್ಚಿಯ ಬಾಜೂಕ್ಕೆ ನಿಂತರು.

"ಒಂದ ಸಾಲ ಬರೀಬೇಕ."

"ಎದರಾಗ ಹಾಕ್ಲಿರಿ ಅತ್ತಿ?"

"ಎದರಾಗೂ ಬ್ಯಾಡ. ಹೊರಗ ಇರಲಿ. ಎಲ್ಲಾರಿಗೂ ಕಾಣಬೇಕ."

ನಿಧಾನವಾಗಿ, ಒಂದೊಂದೇ ಶಬ್ದ ಹುಡುಕಿ ಹೇಳಿದರು. "ಮುಂದ ನಾ ನಮ್ಮ ಸೊಸಿಗೆ ಕಳ್ಳಿ ಅಂದ್ರ ಯಾರೂ ನಂಬಬ್ಯಾಡ್ರಿ. ಹಾಳಿ ಖರೆ. ನಾ ಸುಳ್ಳ."

ಕಣ್ಣು ಮುಚ್ಚಿ ಟೈಪು ಮಾಡಬಲ್ಲ ನನಗೆ ಆವತ್ತು ಒಂದು ಅಕ್ಷರವೂ ಕೈಗೆ ಸಿಗಲಿಲ್ಲ. ಅತ್ತೆಯವರು ಬಿಡಲಿಲ್ಲ, ಪ್ರಿಂಟರು ಕಿರಗುಟ್ಟಿ ಮುಗಿಸುವ ತನಕ ನಿಂತೇ ಇದ್ದರು. ಹಾಳೆ ತೆಗೆದುಕೊಂಡು, ಅಂಟು ಹಿಡಿದುಕೊಂಡು ಬಾಗಿಲ ಕಡೆಗೆ ನಡೆದರು. ನಾನು ಎದ್ದು ಹೋಗಿ ಹಾಳೆಯನ್ನು ಅವರ ಕೈಯಿಂದ ಕಿತ್ತುಕೊಂಡೆ. "ಕೊಡ ಇತ್ತ," ಎಂದರು. ಕೊಡಲಿಲ್ಲ. ಅವರನ್ನು ಅಪ್ಪಿಕೊಂಡು ಅತ್ತುಬಿಟ್ಟೆ.

ಆಮೇಲಿನ ಎರಡು ವರ್ಷ ಅವರು ನನ್ನನ್ನು ಎಷ್ಟೋ ಸಲ, ಎಷ್ಟೋ ಜನರ ಮುಂದೆ ಕಳ್ಳಿ ಎಂದರು. ಪ್ರತಿ ಸಲವೂ ನಾನು "ಹೌದ್ರಿ ಅತ್ತಿ" ಎನ್ನುತ್ತಿದ್ದೆ. ಸುಳ್ಳೇನೂ ಹೇಳಲಿಲ್ಲ. ಆ ಮನೆಯಲ್ಲಿ ಅವರ ಕೈಯಿಂದ ಒಂದು ಹಾಳೆ ಕದ್ದವಳು ನಾನೇ.